ಹಿಡಿ ಹಳೆಯದೇ ಇರಲಿ, ಪೈಪ್ ಬದಲಿಸಿ: ಹಳೇ ಕ್ಯಾನಿಸ್ಟರ್ ವ್ಯಾಕ್ಯೂಮ್ ಕ್ಲೀನರ್‌ಗಳ ಪೈಪು-ಹಿಡಿಗಳ ವಿಮರ್ಶೆ

ಕೊಡಗಿನ ಎಸ್ಟೇಟ್ ಬಂಗಲೆಗಳ ಸ್ಟೋರ್‌ರೂಮಿನಲ್ಲಿ, ಈಗ ಹೋಮ್‌ಸ್ಟೇ ಆಗಿರುವ ಹಳೇ ಮನೆಗಳ ಮೆಟ್ಟಿಲ ಕೆಳಗೆ, ಕ್ಯಾನಿಸ್ಟರ್ ವ್ಯಾಕ್ಯೂಮ್ ಕ್ಲೀನರ್ (ಮಶೀನು ನೆಲದ ಮೇಲೆ, ಕೈಯಲ್ಲಿ ಪೈಪು-ಹಿಡಿ) ಒಂದು ಕೂತಿರುವುದುಂಟು. ಸ್ವಿಚ್ ಹಾಕಿದರೆ ಮೋಟರ್ ತಿರುಗುತ್ತದೆ, ಧೂಳು ಮಾತ್ರ ಎಳೆಯುವುದಿಲ್ಲ. ಮೋಟರ್ ವೀಕ್ ಆಗಿದೆ ಎಂದು ಗುಜರಿಗೆ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಪೈಪ್ ಬಿಚ್ಚಿ, ಮಶೀನಿನ ಬಾಯಿಗೆ ಅಂಗೈ ಒತ್ತಿ ಹಿಡಿಯಿರಿ. ಎಳೆಯಲು ಗಾಳಿ ಇಲ್ಲದೆ ಮೋಟರಿನ ಭಾರ ಇಳಿಯುತ್ತದೆ, ವೇಗ ಹೆಚ್ಚುತ್ತದೆ, ಸದ್ದು ಏರುತ್ತದೆ. ಈಗ ಪೈಪ್ ಸಿಕ್ಕಿಸಿ, ಹಿಡಿಯ ತುದಿಯನ್ನು ಹಾಗೆಯೇ ಮುಚ್ಚಿ. ಸದ್ದು ಅಷ್ಟೇ ಏರಿದರೆ ಪೈಪ್ ಗಟ್ಟಿ ಇದೆ. ಏರದಿದ್ದರೆ ನಡುವೆ ಎಲ್ಲೋ ಹೊರಗಿನ ಗಾಳಿ ನುಗ್ಗುತ್ತಿದೆ. ಏನೂ ಮುಚ್ಚದೆಯೇ ಸದ್ದು ಏರಿದ್ದರೆ ಒಳಗೆ ಕಸ ಸಿಕ್ಕಿಕೊಂಡಿದೆ. ಒಂದೊಂದು ಸಲಕ್ಕೂ ಹತ್ತು ಸೆಕೆಂಡ್ ಸಾಕು, ಹೆಚ್ಚು ಹೊತ್ತು ಮುಚ್ಚಬೇಡಿ. ಈ ಮೋಟರುಗಳು ತಣ್ಣಗಾಗುವುದೇ ತಾವು ಎಳೆದ ಗಾಳಿಯಿಂದ.

ಮಳೆನಾಡಿನಲ್ಲಿ ಈ ಪರೀಕ್ಷೆಯಲ್ಲಿ ಸೋಲುವುದು ಹೆಚ್ಚಾಗಿ ಪೈಪೇ. ಯಾವ ಕಾಲದ ಪೈಪು ಹೇಗೆ ಕೆಡುತ್ತದೆ, ಯಾವುದನ್ನು ಉಳಿಸಿಕೊಳ್ಳಬಹುದು, ಯಾವುದರ ಹಿಡಿಯನ್ನು ಮಾತ್ರ ಉಳಿಸಿಕೊಳ್ಳಬೇಕು ಎಂಬುದೇ ಈ ವಿಮರ್ಶೆ.

1901ರಲ್ಲಿ ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ ಮಾಡಿದ ಯಂತ್ರ ಬೀದಿಯಲ್ಲೇ ನಿಲ್ಲುತ್ತಿತ್ತು, ಉದ್ದನೆಯ ಪೈಪುಗಳು ಮಾತ್ರ ಕಿಟಕಿಯೊಳಗೆ ಹೋಗುತ್ತಿದ್ದವು. ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ 1921ರಲ್ಲಿ ತಂದ ಮಾಡೆಲ್ 5 ಉದ್ದುರುಳೆ ಆಕಾರದ ಮಶೀನು. ಕೆಳಗೆ ಚಕ್ರವಿಲ್ಲ, ನೆಲದ ಮೇಲೆ ಜಾರುವ ಎರಡು ಲೋಹದ ಪಟ್ಟಿ. ಇದನ್ನು ಬಳಸುವವರು ಪೈಪು ಹಿಡಿದೇ ಮಶೀನನ್ನು ಕೋಣೆಯಿಂದ ಕೋಣೆಗೆ ಎಳೆದರು. ಅಂದರೆ ಪೈಪ್ ಗಾಳಿಯ ದಾರಿಯೂ ಹೌದು, ಎಳೆಯುವ ಹಗ್ಗವೂ ಹೌದು. ಇದು ನೆನಪಿದ್ದರೆ ಮುಂದಿನ ಬದಲಾವಣೆಗಳೆಲ್ಲ ಅರ್ಥವಾಗುತ್ತವೆ. ಪೈಪುಗಳು ಹೆಚ್ಚಾಗಿ ತುದಿಗಳಲ್ಲೇ ಹರಿಯುವುದೂ ಇದೇ ಕಾರಣಕ್ಕೆ.

ಮೊದಲ ಕಾಲದ್ದು ಬಟ್ಟೆ ಹೆಣೆದ ಪೈಪ್. 1937ರಲ್ಲಿ ಅಮೆರಿಕದ ವಿನ್ಯಾಸಕಾರ ಲುರೆಲ್ ಗಿಲ್ಡ್ ವಿನ್ಯಾಸ ಮಾಡಿದ ಎಲೆಕ್ಟ್ರೋಲಕ್ಸ್ ಮಾಡೆಲ್ 30ರಂಥ ಮಶೀನುಗಳ ಜೊತೆ ಬಂದದ್ದು ಇದೇ. ನೋಡಲು ಇದಕ್ಕಿಂತ ಚಂದದ ಪೈಪ್ ಇನ್ನೊಂದಿಲ್ಲ, ಕೈಗೂ ಮೆತ್ತಗೆ. ಕೆಟ್ಟದ್ದೊಂದನ್ನು ಉದ್ದಕ್ಕೆ ಸೀಳಿದರೆ ಮೂರು ಪದರ ಕಾಣುತ್ತದೆ: ಹೊರಗೆ ಹತ್ತಿ ನೂಲಿನ ಹೆಣಿಗೆ, ನಡುವೆ ಸ್ಪ್ರಿಂಗ್‌ನಂತೆ ಸುತ್ತಿದ ಉಕ್ಕಿನ ತಂತಿ, ಒಳಗೆ ರಬ್ಬರಿನ ಅಸ್ತರಿ. ಗಾಳಿ ತಡೆಯುವುದು ಆ ರಬ್ಬರ್ ಒಂದೇ. ಅದು ವಯಸ್ಸಾದಂತೆ ಹಪ್ಪಳದ ಹಾಗೆ ಗಟ್ಟಿಯಾಗಿ ಚೂರಾಗುತ್ತದೆ, ಇಲ್ಲವೇ ಕರಗಿದ ಬೆಲ್ಲದಂತೆ ಅಂಟಾಗುತ್ತದೆ. ನೂಲಿನ ಹೆಣಿಗೆ ಜರಡಿ ಇದ್ದಂತೆ, ಗಾಳಿ ಅದರ ಉದ್ದಕ್ಕೂ ಒಳಗೆ ಬರುತ್ತದೆ. ಹೊರಗಿನಿಂದ ನೋಡಿದರೆ ಒಂದು ತೂತೂ ಕಾಣುವುದಿಲ್ಲ. ಪೈಪನ್ನು ನೇತುಹಾಕಿ ಬೆರಳಿನಿಂದ ತಟ್ಟಿ. ಕೆಳಗೆ ಹಾಸಿದ ಪೇಪರಿನ ಮೇಲೆ ಕಪ್ಪು ಚೂರು ಬಿದ್ದರೆ ಅಸ್ತರಿ ಮುಗಿದಿದೆ.

ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಶತ್ರು ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೂಲು ತೇವ ಹೀರಿ ಬೂಷ್ಟು ಹಿಡಿಯುತ್ತದೆ, ಆ ತೇವಕ್ಕೆ ಒಳಗಿನ ತಂತಿ ತುಕ್ಕು ತಿಂದು ನೂಲಿಗೆ ಕಂದು ಕಲೆ ಬರುತ್ತದೆ. ಬಕೆಟ್ ನೀರಿನಲ್ಲಿ ನೆನೆಸಿ ತೊಳೆದರಂತೂ ಕಥೆ ಮುಗಿಯಿತು. ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಗಾಳಿಯಾಡುವ ನೆರಳಲ್ಲಿ ಒಣಗಿಸಿದರೆ ಸಾಕು. ಬಟ್ಟೆಯ ಪೈಪಿನ ಬಗ್ಗೆ ತೀರ್ಪು ಇಷ್ಟು: ಕಪಾಟಿನಲ್ಲಿಟ್ಟು ನೋಡಲು ಹತ್ತಕ್ಕೆ ಹತ್ತು, ದಿನಬಳಕೆಗೆ ಬೇಡ. ಹೊರಗೆ ಟೇಪ್ ಸುತ್ತಿದರೆ ಪ್ರಯೋಜನವಿಲ್ಲ. ಬಗ್ಗಿದಾಗ ಟೇಪ್ ಬಿಡುತ್ತದೆ, ಅಂಟು ನೂಲಿಗೆ ಹತ್ತಿ ಚಂದವೂ ಹಾಳು.

ಎರಡನೇ ಮಹಾಯುದ್ಧದ ನಂತರ ಬಟ್ಟೆಯ ಜಾಗಕ್ಕೆ ವಿನೈಲ್, ಅಂದರೆ ಪಿವಿಸಿ ಪ್ಲಾಸ್ಟಿಕ್, ಬಂತು. ತಂತಿ ಸುರುಳಿ ಹಾಗೇ ಉಳಿಯಿತು, ಅದರ ಮೇಲೆ ಬಟ್ಟೆ-ರಬ್ಬರಿನ ಬದಲು ಒಂದೇ ಪದರದ ಮೆದು ಪಿವಿಸಿ. ಹೂವರ್ ಕಂಪನಿಯ ದುಂಡಗಿನ ಕಾನ್‌ಸ್ಟಲೇಷನ್ 1950ರ ದಶಕದ್ದು. ಎಳೆದರೆ ಉದ್ದವಾಗಿ ಬಿಟ್ಟರೆ ಕುಗ್ಗುವ ಪೈಪು ಅದರ ಜೊತೆ ಬಂತು. ಕೋಣೆಯ ನಡುವೆ ಮಶೀನಿಟ್ಟು ಸುತ್ತಲೂ ಗುಡಿಸಬಹುದು, ಒಳ್ಳೇ ಯೋಚನೆ. ಆದರೆ ಹಿಗ್ಗಿದ ಪೈಪು ಮತ್ತೆ ಕುಗ್ಗಲು ಕೈಯನ್ನು ಎಳೆಯುವುದರಿಂದ ಕೈ ಬೇಗ ಸೋಲುತ್ತದೆ. ಐನ್‌ಮನೆಯ (ಕೊಡವರ ಹಿರಿಯರ ಮನೆ) ಎತ್ತರದ ಮರದ ಮಾಳಿಗೆಗೆ ಹಿಡಿ ಎತ್ತಿ ಹಿಡಿದು, ಹುಳ ಕೊರೆದ ಹುಡಿ ಎಳೆಯುವಾಗ ಇದು ಚೆನ್ನಾಗಿಯೇ ಗೊತ್ತಾಗುತ್ತದೆ.

ನಮ್ಮ ಕಡೆ ಹೆಚ್ಚು ಮನೆಗಳಿಗೆ ಮೊದಲು ಬಂದದ್ದು ಯುರೋಕ್ಲೀನ್. ಯುರೇಕಾ ಫೋರ್ಬ್ಸ್ 1982ರಲ್ಲಿ ಎಲೆಕ್ಟ್ರೋಲಕ್ಸ್ ಜೊತೆಗೂಡಿ ಶುರುವಾಗಿ, ಮನೆಬಾಗಿಲಿಗೇ ಸೇಲ್ಸ್‌ಮನ್ ಕಳಿಸಿ ಮಾರಿದ ಮಶೀನು. ಆ ಕಾಲದ ಯಾವ ಕಂಪನಿಯ ವಿನೈಲ್ ಪೈಪ್ ಆದರೂ ಹೆಚ್ಚಾಗಿ ಕೆಡುವ ಜಾಗ ಒಂದೇ: ಹಿಡಿಗೆ ಸೇರುವ ಕಡೆಯಿಂದ ನಾಲ್ಕು ಬೆರಳಿನೊಳಗೆ. ಪಿವಿಸಿಯನ್ನು ಮೆತ್ತಗಿಡುವ ಎಣ್ಣೆಯಂಥ ಅಂಶ ವರ್ಷಗಳಲ್ಲಿ ಹೊರಬಿದ್ದು, ಪೈಪ್ ಬಿರುಸಾಗಿ, ಬಗ್ಗುವ ಕಡೆ ಸುರುಳಿಯ ಗುಂಟ ಬಿರಿಯುತ್ತದೆ. ಬಿಸಿಲು, ಬಿಸಿ ಎರಡೂ ಇದನ್ನು ಬೇಗ ಮಾಡುತ್ತವೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆ, ಬೂಷ್ಟು ಹಿಡಿಯದು ಎಂದು ಪೈಪನ್ನು ಅಲ್ಲಿಟ್ಟರೆ ಇದೇ ಆಗುವುದು, ಮೇಲಿಂದ ಇಲಿ ಕಾಟ ಬೇರೆ. ಬಿರುಕು ತುದಿಯಲ್ಲೇ ಇದ್ದರೆ ರಿಪೇರಿ ಸುಲಭ. ಕೆಟ್ಟ ಭಾಗ ಕತ್ತರಿಸಿ ಮತ್ತೆ ಸಿಕ್ಕಿಸಿ. ಎರಡು ಮೀಟರಿನ ಪೈಪಿನಲ್ಲಿ ಹತ್ತು ಸೆಂಟಿಮೀಟರ್ ಹೋದರೆ ನಷ್ಟವಿಲ್ಲ.

ಅಮೆರಿಕದಲ್ಲಿ 1960, 70ರ ದಶಕಗಳಲ್ಲಿ ಕರೆಂಟ್ ಹರಿಯುವ ಪೈಪ್ ಬಳಕೆಗೆ ಬಂತು. ತುದಿಯ ಬ್ರಷ್‌ಗೇ ಒಂದು ಮೋಟರ್, ಅದಕ್ಕೆ ಕರೆಂಟ್ ಪೈಪಿನ ಗೋಡೆಯೊಳಗೆ ಸುತ್ತಿದ ತಂತಿಗಳಿಂದಲೇ. ದಪ್ಪ ಕಾರ್ಪೆಟ್‌ಗೆ ಅದ್ಭುತ. ಕೆಂಪು ಆಕ್ಸೈಡ್ ನೆಲಕ್ಕೂ ಮರದ ಹಲಗೆಗೂ ಬೇಕಿಲ್ಲದ ಭಾರ. ಹಿಡಿಯ ಹತ್ತಿರ ತಂತಿ ಒಳಗೇ ತುಂಡಾಗುತ್ತದೆ. ಪೈಪ್ ಅಲ್ಲಾಡಿಸಿದಾಗ ಬ್ರಷ್ ನಿಂತು ನಿಂತು ತಿರುಗುವುದು ಇದರ ಗುರುತು. ಪ್ಲಗ್ ಕಿತ್ತು, ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಒಂದೇ ತಂತಿಯ ಎರಡು ತುದಿಗೆ ಹಿಡಿದು, ಪೈಪನ್ನು ಸ್ವಲ್ಪ ಸ್ವಲ್ಪವೇ ಬಗ್ಗಿಸುತ್ತಾ ಹೋದರೆ ಮುರಿದ ಜಾಗ ಸಿಗುತ್ತದೆ. ಈ ಪೈಪನ್ನು ಮನೆಯಲ್ಲಿ ಕತ್ತರಿಸಿ ಜೋಡಿಸಬೇಡಿ. ಗೋಡೆಯೇ ಬೆವರುವ ಜುಲೈ ತಿಂಗಳಲ್ಲಿ ಬಿರುಕು ಬಿಟ್ಟ ಕರೆಂಟ್ ಪೈಪನ್ನು ಕೈಯಲ್ಲಿ ಹಿಡಿಯುವುದು ಅಪಾಯ. ಅಮೆರಿಕದಿಂದ ತಂದ ಮಶೀನಾದರೆ 120 ವೋಲ್ಟ್‌ನದು, ನಮ್ಮ 230ಕ್ಕೆ ನೇರ ಹಾಕಿದರೆ ಸುಟ್ಟೇ ಹೋಗುತ್ತದೆ ಎಂಬುದೂ ನೆನಪಿರಲಿ.

ಇನ್ನು ಹಿಡಿ. ಪೈಪು ಕಾಲಕ್ಕೆ ತಕ್ಕಂತೆ ಸುಧಾರಿಸಿತು, ಹಿಡಿ ಹಾಗಲ್ಲ. ಹಳೆಯದು ಬಗ್ಗಿಸಿದ ಒಂದೇ ಲೋಹದ ಕೊಳವೆ, ಮೇಲೆ ಒಂದು ಸಣ್ಣ ಕಂಡಿ, ಅದನ್ನು ಮುಚ್ಚಿ ತೆರೆಯುವ ಬಳೆ. ಪರದೆಗೆ ಹಿಡಿದಾಗ ಬಟ್ಟೆ ಬ್ರಷ್‌ಗೆ ಕಚ್ಚಿಕೊಂಡರೆ ಬಳೆ ಸರಿಸಿ. ಕಂಡಿಯಿಂದ ಗಾಳಿ ಬಂದು ತುದಿಯ ಎಳೆತ ಇಳಿಯುತ್ತದೆ. ಮೋಟರಿನ ವೇಗ ಇಳಿಸುವ ಎಲೆಕ್ಟ್ರಾನಿಕ್ಸ್ ಬೇಕಿಲ್ಲ, ಕೆಡುವಂಥದ್ದೇನೂ ಇಲ್ಲ. ಎಷ್ಟೋ ಸಲ ಎಳೆತ ಇಲ್ಲ ಎಂಬ ದೂರಿಗೆ ಈ ಬಳೆ ಸಡಿಲವಾಗಿ ತಾನೇ ಸರಿದಿರುವುದೇ ಕಾರಣ. ಬಳೆಯನ್ನು ತೆಗೆದು ಕೈಯಲ್ಲೇ ಒಂಚೂರು ಅದುಮಿ ಬಿಗಿ ಮಾಡಿದರೆ ಆಯಿತು. ಆಮೇಲಿನ ಪ್ಲಾಸ್ಟಿಕ್ ಹಿಡಿಗಳು ಹಗುರ, ಬೆರಳಿಗೆ ಕೂರುವ ಆಕಾರವೂ ಇದೆ, ಆದರೆ ಲಾಕ್ ಆಗುವ ತೆಳು ನಾಲಿಗೆ ಮುರಿದರೆ ಇಡೀ ಹಿಡಿ ಬಿಸಾಡಬೇಕು. ಬಾಗಿದ ಕೋನವೂ ಹೆಚ್ಚು ಕಡಿದು. ಸಿಲ್ವರ್ ಓಕ್ ಎಲೆಯ ತೊಟ್ಟು, ಕಾಳುಮೆಣಸಿನ ಗೊಂಚಲಿನ ಕಡ್ಡಿ ಅಲ್ಲಿ ಅಡ್ಡ ನಿಲ್ಲುತ್ತದೆ, ಹಿಂದೆ ಬಂದ ಕೂದಲು ಧೂಳು ಅದಕ್ಕೆ ಸುತ್ತಿಕೊಳ್ಳುತ್ತದೆ. ಕಬ್ಬಿಣದ ಕಡ್ಡಿ ತೂರಿಸಬೇಡಿ, ಪೈಪ್ ತೂತಾದೀತು. ಹಳೇ ಮಶೀನುಗಳಿಗೆ ಗಾಳಿ ಊದುವ ಬಾಯಿಯೂ ಇರುತ್ತದೆ; ಪೈಪನ್ನು ಅಲ್ಲಿಗೆ ಹಾಕಿ, ಅಂಗಳದಲ್ಲಿ ಊದಿ ಹೊರಗೆ ತಳ್ಳಿ.

ಹಿಡಿಗೆ ಸೇರುವ ಸ್ಟೀಲ್ ಕೊಳವೆಗಳು ಮಳೆಗಾಲ ಕಳೆದ ಮೇಲೆ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಸುತ್ತಿಗೆಯಿಂದ ಹೊಡೆದರೆ ಬಾಯಿ ಚಪ್ಪಟೆಯಾಗಿ ಶಾಶ್ವತ ಸೋರಿಕೆ. ತಿರುಚಿಯೇ ಬಿಡಿಸಿ, ಒರೆಸಿ, ಮೇಣದಬತ್ತಿ ಉಜ್ಜಿ ಇಡಿ.

ಹಳೇ ಲೋಹದ ಹಿಡಿ, ಹಳೇ ಮಶೀನಿನ ತುದಿ, ನಡುವೆ ಹೊಸ ವಿನೈಲ್ ಪೈಪ್, ಇದಕ್ಕಿಂತ ಒಳ್ಳೇ ಜೋಡಿ ಇಲ್ಲ. ಪೈಪ್ ಕೊಳ್ಳುವಾಗ ಒಳವ್ಯಾಸ ಅಳೆಯಿರಿ. 32 ಮಿಲಿಮೀಟರ್ ಸಾಮಾನ್ಯ, 35ರದ್ದೂ ಇದೆ. 32ರ ಬದಲು 28ರದ್ದು ಹಾಕಿದರೆ, ಅಷ್ಟೇ ಗಾಳಿ ಹರಿಯಬೇಕಾದರೆ ತಡೆ ಹತ್ತಿರಹತ್ತಿರ ಎರಡು ಪಟ್ಟಾಗುತ್ತದೆ. ನಾಲ್ಕು ಮಿಲಿಮೀಟರಲ್ಲವೇ ಎಂದು ಬಿಡಬೇಡಿ. ಕುಶಾಲನಗರವಿರಲಿ ಗೋಣಿಕೊಪ್ಪವಿರಲಿ, ಪಂಪ್‌ಸೆಟ್ ಅಂಗಡಿಯಲ್ಲಿ ಸಿಗುವ ಹಸಿರು ಸಕ್ಷನ್ ಪೈಪ್ ತೋಟದಲ್ಲಿ ಹೇಗೂ ಇದೆಯಲ್ಲ ಎಂದು ಹಾಕುವವರಿದ್ದಾರೆ. ಅದು ಸೋರುವುದಿಲ್ಲ ನಿಜ, ಆದರೆ ಭಾರ, ಬಗ್ಗುವುದಿಲ್ಲ, ಎಳೆದರೆ ಮಶೀನನ್ನೇ ಮಗುಚುತ್ತದೆ. ವಾಷಿಂಗ್ ಮಶೀನಿನ ನೀರು ಬಿಡುವ ಪೈಪಂತೂ ತೀರಾ ಸಪೂರ, ಒಳಗೆಲ್ಲ ಏಣು. ಎರಡೂ ಬೇಡ.

ಜೋಡಿಸುವುದು ಹೀಗೆ. ಹಳೇ ಪೈಪಿನ ಉದ್ದವನ್ನು ತುದಿಗಳ ಸಮೇತ ಅಳೆದಿಡಿ. ಹಿಡಿಯ ಬುಡದ ತಗಡಿನ ಕಟ್ಟನ್ನು ಅರದಿಂದ ಸವೆಸಿ ಬಿಡಿಸಿ, ಹಳೇ ರಬ್ಬರನ್ನು ಕೆರೆದು, ತುಕ್ಕಿಗೆ ಉಪ್ಪುಕಾಗದ ಹಾಕಿ. ಹೊಸ ಪೈಪನ್ನು ಎರಡು ಸುರುಳಿಗಳ ನಡುವೆ ಬ್ಲೇಡಿನಿಂದ ಕೊಯ್ದು, ತಂತಿಯನ್ನು ಕಟ್ಟರ್‌ನಿಂದ ಕತ್ತರಿಸಿ. ತಂತಿಯ ತುದಿಯನ್ನು ಒಂದು ಸೆಂಟಿಮೀಟರಿನಷ್ಟು ಹಿಂದಕ್ಕೆ ಮಡಚದಿದ್ದರೆ ಅದೇ ನಾಳೆ ಗೋಡೆ ಚುಚ್ಚುತ್ತದೆ. ತುದಿಯನ್ನು ಒಂದು ನಿಮಿಷ ಬಿಸಿನೀರಿನಲ್ಲಿ ಅದ್ದಿ ಒರೆಸಿ, ಮೆತ್ತಗಿರುವಾಗಲೇ ತಿರುಗಿಸುತ್ತಾ ಮೂರು ಸೆಂಟಿಮೀಟರ್ ಒಳಗೆ ಕೂರಿಸಿ. ಲೋಹಕ್ಕೆ ರಬ್ಬರ್ ಸೊಲ್ಯೂಷನ್, ಪಿವಿಸಿ ತುದಿಗೆ ಪಿವಿಸಿ ಸೊಲ್ಯೂಷನ್ ತೆಳುವಾಗಿ. ಈಗಿನ ತಂತಿಯಿಲ್ಲದ ಹೊಳಪು ಪ್ಲಾಸ್ಟಿಕ್ ಪೈಪುಗಳಿಗೆ ಎರಡೂ ಹಿಡಿಯುವುದಿಲ್ಲ, ಅವಕ್ಕೆ ತಿರುಪಿನ ತುದಿಯೇ ಬೇಕು. ಮೇಲೆ ಕ್ಲಿಪ್ ಬಿಗಿದು ಒಂದು ರಾತ್ರಿ ಬಿಡಿ. ಮಶೀನಿನ ಕಡೆಯ ತುದಿ ತಿರುಗುವಂಥದ್ದಾದರೆ ಅಂಟು ಆ ಸಂದಿಗೆ ಹೋಗದಂತೆ ನೋಡಿಕೊಳ್ಳಿ; ಅದು ತಿರುಗದಿದ್ದರೆ ಪೈಪ್ ತಿರುಚಿಕೊಂಡು ಹೊಸ ಕೆಲಸ ವರ್ಷದೊಳಗೆ ಹರಿಯುತ್ತದೆ.

ಮರುದಿನ ಅಂಗೈ ಪರೀಕ್ಷೆ ಮತ್ತೆ ಮಾಡಿ. ಸದ್ದು ಇನ್ನೂ ಏರದಿದ್ದರೆ ಪೈಪನ್ನು ಊದುವ ಬಾಯಿಗೆ ಹಾಕಿ, ತುದಿ ಮುಚ್ಚಿ, ಜೋಡಣೆಗೆ ಸೋಪಿನ ನೊರೆ ಸವರಿ. ಗುಳ್ಳೆ ಎದ್ದಲ್ಲಿ ಸೋರಿಕೆ. ಕರೆಂಟ್ ಪೈಪಿಗೆ ಮಾತ್ರ ಇದು ಸಲ್ಲದು. ಎತ್ತಿಡುವಾಗ ಮೊಳೆಗೆ ನೇತುಹಾಕಿದರೆ ಅದೇ ಜಾಗದಲ್ಲಿ ಮಡಿಕೆ ಬೀಳುತ್ತದೆ. ಗೋಡೆಗೆ ದೊಡ್ಡ ಬಿಸ್ಕೆಟ್ ಡಬ್ಬ ಅಡ್ಡಲಾಗಿ ಬಡಿದು, ಅದರ ಮೇಲೆ ಪೈಪನ್ನು ಅಗಲ ಸುರುಳಿಯಾಗಿ ಹಾಕಿ, ಹಿಡಿಯ ಬಾಯಿ ಕೆಳಗಿರಲಿ.