ಮನೆಗೆ ಬಂದ ಚುನಾವಣಾ ಸರ್ವೆ: 5ಕ್ಕೆ 2 ಸ್ಟಾರ್

ಕಂಪನಿ ಹೆಸರು ಬೇಡ ಬಿಡಿ. ಕೊಡಗಿನ ಗೋಣಿಕೊಪ್ಪ ಕಡೆ ಟ್ಯಾಬ್ ಹಿಡಿದು ಬಂದಿದ್ದ ಹುಡುಗರು ಒಳ್ಳೆಯವರೇ. ಐದೇ ನಿಮಿಷ ಅಂತ ಕೂತು ಅರ್ಧ ಗಂಟೆ ಕೇಳಿದರು, ಅದಕ್ಕೂ ಬೇಜಾರಿಲ್ಲ.

ತಕರಾರು ಇರುವುದು ಯಾರನ್ನು ಕೇಳಿದರು ಅನ್ನುವುದರಲ್ಲಿ. ರಸ್ತೆ ಬದಿಯ ಮನೆ, ಅಂಗಡಿ, ಆಟೋ ಸ್ಟ್ಯಾಂಡ್, ಅಷ್ಟಕ್ಕೇ ಮುಗಿಯಿತು. ತೋಟದೊಳಗೆ ಕೆಲಸದವರು ಇರುವ ಲೈನ್ ಮನೆಗಳಿಗೆ ಹೋಗಲಿಲ್ಲ, ಆದಿವಾಸಿಗಳ ಹಾಡಿಗಳ ಕಡೆಗಂತೂ ತಲೆಯನ್ನೇ ಹಾಕಲಿಲ್ಲ. ಬೆಳಿಗ್ಗೆ 11ಕ್ಕೆ ಬಂದರೆ ಕೆಲಸಕ್ಕೆ ಹೋದವರು ಹೇಗೆ ಸಿಗುತ್ತಾರೆ? ಎರವರದ್ದು, ಜೇನುಕುರುಬರದ್ದು ವೋಟಲ್ವಾ? ವೋಟರ್ ಲಿಸ್ಟಿನಿಂದ ಚೀಟಿ ಎತ್ತಿದ ಹಾಗೆ ಹೆಸರು ಆರಿಸಬೇಕು, ಸಿಗದವರ ಮನೆಗೆ ಇನ್ನೊಮ್ಮೆ ಹೋಗಬೇಕು. ಸಂಜೆ ಆನೆ ಭಯ ಅಂದರೆ ಭಾನುವಾರ ಬನ್ನಿ.

ಎಷ್ಟು ಜನರನ್ನು ಕೇಳುತ್ತೀರಿ ಅಂದಿದ್ದಕ್ಕೆ ಒಬ್ಬ ಜಂಬದಿಂದ ದೊಡ್ಡ ನಂಬರ್ ಹೇಳಿದ. ನಂಬರ್ ದೊಡ್ಡದಿದ್ದರೆ ಆಯಿತಾ? 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ 20 ಲಕ್ಷಕ್ಕೂ ಜಾಸ್ತಿ ಉತ್ತರ ತರಿಸಿಕೊಂಡು ಅಧ್ಯಕ್ಷ ಚುನಾವಣೆಯಲ್ಲಿ ರೂಸ್‌ವೆಲ್ಟ್ ಎದುರು ನಿಂತಿದ್ದ ಲ್ಯಾಂಡನ್ ಗೆಲ್ಲುತ್ತಾರೆ ಅಂದಿತು. ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಬಾಚಿಕೊಂಡರು. ಪತ್ರಿಕೆಯವರು ಹೆಚ್ಚಾಗಿ ಫೋನು, ಕಾರು ಇದ್ದವರ ಪಟ್ಟಿ ಹಿಡಿದು ಕಾಗದ ಕಳಿಸಿದ್ದರು, ಅದರಲ್ಲೂ ಹುಮ್ಮಸ್ಸು ಇದ್ದವರಷ್ಟೇ ವಾಪಸ್ ಬರೆದರು. ಸರಿಯಾಗಿ ಆರಿಸಿದರೆ 1000 ಜನ ಸಾಕು, ಶೇ 3ರಷ್ಟು ಆಚೀಚೆ ಆಗಬಹುದು. ಆದರೆ ಅದು ಇಡೀ ರಾಜ್ಯದ ಲೆಕ್ಕ. ಅದನ್ನೇ 224 ಕ್ಷೇತ್ರಕ್ಕೆ ಹಂಚಿದರೆ ಮಡಿಕೇರಿಗೆ ನಾಲ್ಕೈದು ಜನ, ವಿರಾಜಪೇಟೆಗೂ ಅಷ್ಟೇ. ಅಷ್ಟರಲ್ಲಿ ಇಲ್ಲಿ ಯಾರು ಗೆಲ್ಲುತ್ತಾರೆ ಅಂತ ಹೇಳುವುದು ಸುಮ್ನೆ ಬುರುಡೆ.

ಪ್ರಶ್ನೆ ಕೇಳಿದ ರೀತಿಯೂ ಹಾಗೇ. ಮೊದಲು ರಸ್ತೆ ಗುಂಡಿ ಬಗ್ಗೆ ಕೆರಳಿಸಿ, ಆಮೇಲೆ ಯಾರಿಗೆ ವೋಟು ಅಂದರೆ ಉತ್ತರ ಯಾವ ಕಡೆ ವಾಲುತ್ತದೆ ಅಂತ ಹೇಳಬೇಕಾ? ಅದೂ ಪಕ್ಕದ ಮನೆಯವರು ನಿಂತಿರುವಾಗ, ಜೋರಾಗಿ. ತೋಟದ ಕೆಲಸದವನನ್ನು ಸಾವುಕಾರರ ಎದುರಿಗೇ ಹೀಗೆ ಕೇಳಿದರೆ ಅವನು ಏನು ಹೇಳಿಯಾನು! ಚುನಾವಣಾ ಅಧ್ಯಯನ ಮಾಡುವ ಲೋಕನೀತಿಯವರ ಸರ್ವೆಗಳಲ್ಲಿ ಡಮ್ಮಿ ಬ್ಯಾಲೆಟ್ (ಅಣಕು ಮತಪತ್ರ) ಕೊಟ್ಟು ಡಬ್ಬಿಗೆ ಹಾಕಿಸುವುದುಂಟು. ಇವರು ಟ್ಯಾಬನ್ನಾದರೂ ನಮ್ಮ ಕೈಗೆ ಕೊಡಬಹುದಿತ್ತು.

ಆಮೇಲೆ ಟಿವಿಯಲ್ಲಿ ರಿಸಲ್ಟ್ ಬಂತು. ಬಣ್ಣಬಣ್ಣದ ಗ್ರಾಫ್ ಇತ್ತು. ಯಾವ ದಿನ ಕೇಳಿದ್ದು, ಎಷ್ಟು ಜನ ಉತ್ತರ ಕೊಡಲ್ಲ ಅಂದರು, ದುಡ್ಡು ಕೊಟ್ಟವರು ಯಾರು, ಒಂದೂ ಇರಲಿಲ್ಲ.

ಒಂದು ಸ್ಟಾರ್ ಹುಡುಗರ ಮರ್ಯಾದೆಗೆ. ಇನ್ನೊಂದು, ನಾನೇ ಎಲ್ಲರ ಪರವಾಗಿ ಹೇಳುತ್ತೇನೆ ಅಂದರೂ ಕೇಳದೆ ನಮ್ಮ ಅತ್ತೆಯನ್ನು ಬೇರೆ ಕೂರಿಸಿ ಅವರ ಅಭಿಪ್ರಾಯ ಬರೆದುಕೊಂಡಿದ್ದಕ್ಕೆ.