ಹಳೆಯ ಬೆಳ್ಳಿ ರೂಪಾಯಿಯ ಪರೀಕ್ಷೆ: ತಕ್ಕಡಿ, ದನಿ, ನೀರು, ಒರೆಗಲ್ಲು

ದೇವರ ಮನೆಯ ಡಬ್ಬಿಯಲ್ಲಿ ಲಕ್ಷ್ಮೀಪೂಜೆಗೆಂದು ಇಟ್ಟಿರುವ ಹಳೆಯ ರೂಪಾಯಿಗಳಲ್ಲಿ ಮೂರು ಜಾತಿ. 1835ರಿಂದ 1939ರವರೆಗಿನ ಇಸವಿ ಇದ್ದರೆ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಅಂದರೆ ಶೇ. 91.7. 1940ರಿಂದ 1945ರವರೆಗಿನದಾದರೆ ಬೆಳ್ಳಿ ಅರ್ಧ ಮಾತ್ರ, ಶೇ. 40 ತಾಮ್ರ, ಉಳಿದದ್ದು ನಿಕ್ಕಲ್ ಮತ್ತು ಸತು. 1947ರ ಹುಲಿ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಪೂರ್ತಿ ನಿಕ್ಕಲ್. ಟಂಕಸಾಲೆಯಿಂದ ಹೊರಬಿದ್ದಾಗ ಮೂರೂ ಒಂದೇ ತೂಕ: 180 ಗ್ರೇನ್, 11.66 ಗ್ರಾಂ, ಒಂದು ತೊಲ. ತಕ್ಕಡಿಯೊಂದನ್ನೇ ನಂಬಿದವರು ಮೋಸಹೋಗುವುದು ಇಲ್ಲಿಯೇ.

ಹಾಗೆಂದು ತಕ್ಕಡಿ ದಂಡವಲ್ಲ. ಬೆಳ್ಳಿ ರೂಪಾಯಿಯದೇ ಅಚ್ಚಿನಲ್ಲಿ ತಾಮ್ರ ಎರೆದು ಬೆಳ್ಳಿ ನೀರು ಕೊಟ್ಟ ನಕಲಿ ಸುಮಾರು 10.1 ಗ್ರಾಂ ತೂಗುತ್ತದೆ; ಕೂಡಲೇ ಸಿಕ್ಕಿಬೀಳುತ್ತದೆ. ನಕಲಿ ಮಾಡುವವನು ನಾಣ್ಯವನ್ನು ತುಸು ದಪ್ಪ ಮಾಡಿ ತೂಕ ಸರಿದೂಗಿಸಿದರೆ ತಕ್ಕಡಿ ಸೋತಿತು. ಸವೆತದ ಲೆಕ್ಕವೂ ಇದೆ. 1906ರ ನಾಣ್ಯ ಕಾಯಿದೆ ಶೇ. 2ರಷ್ಟು ಸವೆತವನ್ನು ಒಪ್ಪಿಕೊಂಡಿತ್ತು, ಅಂದರೆ 11.43 ಗ್ರಾಂವರೆಗೆ. ಅದಕ್ಕಿಂತ ಕಡಿಮೆ ಇದ್ದು ಮುಖದ ಗೆರೆಗಳು ಮಾತ್ರ ಚೂಪಾಗಿ ಉಳಿದಿದ್ದರೆ ಅನುಮಾನ ಪಡಿ.

ದನಿಯ ಪರೀಕ್ಷೆ ಚಿನಿವಾರರದು, ಅಂದರೆ ನಾಣ್ಯ ಪರೀಕ್ಷಿಸಿ ಬದಲಾಯಿಸಿಕೊಡುತ್ತಿದ್ದವರದು. 1835ಕ್ಕೆ ಮೊದಲು ಒಂದೊಂದು ಟಂಕಸಾಲೆಯ ರೂಪಾಯಿಗೆ ಒಂದೊಂದು ಬೆಲೆ, ಒಂದೊಂದು ಬಟ್ಟಾ, ಅಂದರೆ ಬದಲಾಯಿಸುವಾಗಿನ ಕಡಿತ. ಅದನ್ನು ಲೆಕ್ಕಹಾಕುವುದೇ ಅವರ ಕಸುಬಾಗಿತ್ತು. ನಾಣ್ಯವನ್ನು ಬೆರಳ ತುದಿಯಲ್ಲಿ ಕೂರಿಸಿ ಇನ್ನೊಂದು ನಾಣ್ಯದ ಅಂಚಿನಿಂದ ಮೆಲ್ಲಗೆ ತಟ್ಟಿ. ಒಳ್ಳೆಯ ಬೆಳ್ಳಿಯ ದನಿ ಎಳೆದು ನಿಲ್ಲುತ್ತದೆ. ಸೀಸ ಬೆರೆತದ್ದು ತಟಕ್ಕನೆ ಸಾಯುತ್ತದೆ. ಸೀಸದ ಮಟ್ಟಿಗೆ ಇದರಷ್ಟು ಬೇಗ ಹೇಳುವ ಪರೀಕ್ಷೆ ಬೇರೆ ಇಲ್ಲ. ಆದರೆ 91.7ಕ್ಕೂ 50ಕ್ಕೂ ಇರುವ ವ್ಯತ್ಯಾಸವನ್ನು ಕಿವಿಯಿಂದ ನೆಚ್ಚುವಂತೆ ಹಿಡಿಯಲಾಗುವುದಿಲ್ಲ. ಕೂದಲೆಳೆಯ ಬಿರುಕು ಬಿಟ್ಟ ಅಸಲಿ ನಾಣ್ಯವೂ ಮೊಂಡಾಗಿ ಸದ್ದು ಮಾಡುತ್ತದೆ. ದನಿ ಕೆಟ್ಟಿತೆಂದು ಅಸಲಿಯನ್ನು ಕರಗಿಸಲು ಕೊಡಬೇಡಿ.

ಅಯಸ್ಕಾಂತದ್ದು ಒಂದೇ ಕೆಲಸ: 1947ರ ನಿಕ್ಕಲ್ ಮತ್ತು ಕಬ್ಬಿಣದ ನಕಲಿಯನ್ನು ಎತ್ತಿ ಬದಿಗಿಡುವುದು. ಓರೆಯಾಗಿ ಹಿಡಿದ ನಾಣ್ಯದ ಮೇಲೆ ಬಲವಾದ ಅಯಸ್ಕಾಂತ ನಿಧಾನವಾಗಿ ಜಾರಿದರೆ ಬೆಳ್ಳಿ ಎನ್ನುವವರಿದ್ದಾರೆ. ತಾಮ್ರದ ಮೇಲೂ ಅದು ನಿಧಾನವಾಗಿಯೇ ಜಾರುತ್ತದೆ, ಆದ್ದರಿಂದ ಆ ಪರೀಕ್ಷೆ ಬೇಡ.

ನನ್ನ ಮತ ನೀರಿಗೆ. ಬೇಕಾದದ್ದು 0.01 ಗ್ರಾಂ ತೋರಿಸುವ ತಕ್ಕಡಿ, ಸಣ್ಣ ಲೋಟ, ತೆಳುವಾದ ನೈಲಾನ್ ದಾರ. ನಾಣ್ಯಕ್ಕೆ ಅಂಟಿದ ಕುಂಕುಮ, ಎಣ್ಣೆಯ ಜಿಡ್ಡನ್ನು ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ನೆನೆಸಿ ತೆಗೆಯಿರಿ. ಹುಣಸೆಹಣ್ಣು, ಹಲ್ಲಿನ ಪುಡಿ ಹಾಕಿ ಉಜ್ಜಿದರೆ ಸಂಗ್ರಾಹಕರು ಕೊಡುವ ಬೆಲೆ ಹೋಯಿತು. ಒರೆಸಿ, ಒಣಗಿಸಿ ತೂಗಿ. ಆಮೇಲೆ ಕಾಯಿಸಿ ಆರಿಸಿದ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು, ಒಂದು ಹನಿ ಸೋಪಿನ ದ್ರಾವಣ ಬೆರೆಸಿ, ಸೊನ್ನೆಗೆ ತನ್ನಿ. ದಾರ ಕಟ್ಟಿದ ನಾಣ್ಯವನ್ನು ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ಕಾಣುವ ಅಂಕಿಯಿಂದ ಒಣ ತೂಕವನ್ನು ಭಾಗಿಸಿ, ಬರುವುದೇ ಸಾಂದ್ರತೆ.

ಸವೆಯದ ನಾಣ್ಯವಾದರೆ 91.7ರ ಬೆಳ್ಳಿಗೆ ನೀರಿನ ಅಂಕಿ 1.13ರ ಆಸುಪಾಸು, ಸಾಂದ್ರತೆ 10.3. ಅರ್ಧ ಬೆಳ್ಳಿಯದಕ್ಕೆ 1.22, ಸಾಂದ್ರತೆ 9.5. ದಪ್ಪ ಮಾಡಿ ತೂಕ ಸರಿದೂಗಿಸಿದ, ಬೆಳ್ಳಿ ನೀರು ಕೊಟ್ಟ ತಾಮ್ರಕ್ಕೆ 1.30, ಸಾಂದ್ರತೆ 9ಕ್ಕೆ ತುಸು ಕಡಿಮೆ. ಸವೆದದ್ದರಲ್ಲಿ ನೀರಿನ ಅಂಕಿ ಇಳಿಯುತ್ತದೆ, ಸಾಂದ್ರತೆ ಬದಲಾಗುವುದಿಲ್ಲ, ನೋಡಬೇಕಾದದ್ದು ಅದನ್ನೇ. ನಡುವಿನ ಅಂತರ ಗ್ರಾಂನ ನೂರನೇ ಭಾಗಗಳಲ್ಲಿ ಇರುವುದರಿಂದ 0.1 ಗ್ರಾಂನ ಅಡುಗೆಮನೆ ತಕ್ಕಡಿ ಕೆಲಸಕ್ಕೆ ಬಾರದು. ಅಕ್ಷರಗಳ ಸಂದಿಯಲ್ಲಿ ಕೂತ ಗಾಳಿಗುಳ್ಳೆ ಸಾಂದ್ರತೆಯನ್ನು ಕಡಿಮೆ ತೋರಿಸುತ್ತದೆ. ನಾಣ್ಯ ತಳ ಮುಟ್ಟಿದರೆ ಅಂಕಿ ಒಮ್ಮೆಲೇ ಹಾರುತ್ತದೆ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಕಾಸಿನ ಸರಕ್ಕೆಂದು ಕೊಂಡಿ ಬೆಸೆದ ರೂಪಾಯಿಗೆ ಈ ಲೆಕ್ಕ ಹೊಂದದು, ಬೆಸುಗೆಯ ಲೋಹವೂ ಸೇರಿಕೊಳ್ಳುತ್ತದೆ.

10.3ಕ್ಕೂ 9.5ಕ್ಕೂ ನಡುವೆ ಇರುವುದು ಎರಡು ಮಹಾಯುದ್ಧಗಳ ಲೆಕ್ಕ. 1893ರಲ್ಲಿ ಸರ್ಕಾರ ಟಂಕಸಾಲೆಗಳಲ್ಲಿ ಸಾರ್ವಜನಿಕರ ಬೆಳ್ಳಿಗೆ ರೂಪಾಯಿ ಟಂಕಿಸಿಕೊಡುವುದನ್ನು ನಿಲ್ಲಿಸಿತು. ಮುಂದೆ ರೂಪಾಯಿಯ ಬೆಲೆ 16 ಪೆನ್ಸ್‌ಗೆ ನಿಂತಾಗ ಒಳಗಿನ ಬೆಳ್ಳಿ ಅದಕ್ಕಿಂತ ಅಗ್ಗವಾಗಿತ್ತು. ಆ ದರದಲ್ಲಿ ಲಂಡನ್ನಿನ ಬೆಳ್ಳಿ ಔನ್ಸಿಗೆ 43 ಪೆನ್ಸ್ ದಾಟಿದರೆ ರೂಪಾಯಿಯನ್ನು ಕರಗಿಸಿ ಮಾರುವುದೇ ಲಾಭ. 1917ರಲ್ಲಿ ಅದೇ ಆಯಿತು. ಸೈನ್ಯದ ಖರ್ಚಿಗೆ, ಯುದ್ಧದ ಸರಕಿಗೆ ಇಲ್ಲಿ ರೂಪಾಯಿ ಕೊಡಬೇಕು. ಜನ ನೋಟು ಹಿಂದಿರುಗಿಸಿ ಬೆಳ್ಳಿ ಕೇಳುತ್ತಿದ್ದರು. ಆ ವರ್ಷವೇ ಒಂದು ರೂಪಾಯಿ ನೋಟು ಬಂತು. 1918ರಲ್ಲಿ ಅಮೆರಿಕ ಪಿಟ್‌ಮನ್ ಕಾಯಿದೆ ಮಾಡಿ ತನ್ನ ಬೆಳ್ಳಿ ಡಾಲರುಗಳನ್ನೇ ಕರಗಿಸಿ 20 ಕೋಟಿ ಔನ್ಸ್ ಬೆಳ್ಳಿಯನ್ನು ಬ್ರಿಟನ್ನಿಗೆ ಮಾರಿತು, ಭಾರತಕ್ಕಾಗಿ. 1918ರ ಇಸವಿಯ ರೂಪಾಯಿ ಇಂದಿಗೂ ಅಗ್ಗವಾಗಿ ಸಿಗುವುದು ಆ ಕಾಲದಲ್ಲಿ ಅಷ್ಟೊಂದು ಟಂಕಿಸಿದ್ದರಿಂದ. 1940ರಲ್ಲಿ ಫ್ರಾನ್ಸ್ ಸೋತ ಸುದ್ದಿಗೆ ಜನ ಮತ್ತೆ ಬೆಳ್ಳಿ ಬಚ್ಚಿಡತೊಡಗಿದಾಗ ಮತ್ತೆ ಒಂದು ರೂಪಾಯಿ ನೋಟು, ಜೊತೆಗೆ ಅರ್ಧ ಬೆಳ್ಳಿಯ ನಾಣ್ಯ. ಯುದ್ಧಕಾಲದಲ್ಲಿ ಅಮೆರಿಕದಿಂದ ಸಾಲವಾಗಿ ತಂದ ಬೆಳ್ಳಿಯನ್ನು ಬೆಳ್ಳಿಯಾಗಿಯೇ ತೀರಿಸಬೇಕಿತ್ತು. ಆದ್ದರಿಂದ ನಿಕ್ಕಲ್ ಬಂತು.

ಒರೆಗಲ್ಲು ಕೊನೆಯ ಮಾರ್ಗ. ಕಲ್ಲಿನ ಮೇಲೆ ಅಂಚನ್ನು ಉಜ್ಜಿ ಗೆರೆ ಎಳೆದು, ನೈಟ್ರಿಕ್ ಆಮ್ಲದಲ್ಲಿ ಪೊಟ್ಯಾಶಿಯಂ ಡೈಕ್ರೋಮೇಟ್ ಬೆರೆಸಿದ ದ್ರವದ ಹನಿ ಬಿಡುತ್ತಾರೆ: ಹೆಚ್ಚು ಬೆಳ್ಳಿಗೆ ಗಾಢ ಕೆಂಪು, ಅರ್ಧ ಬೆಳ್ಳಿಗೆ ಹಸಿರು. ಟಂಕಿಸುವ ಮುನ್ನ ಆಮ್ಲದಲ್ಲಿ ಬಿಲ್ಲೆಯನ್ನು ಬೆಳ್ಳಗೆ ಮಾಡುವಾಗ ಮೇಲ್ಪದರದ ತಾಮ್ರ ಕರಗಿಹೋಗಿರುತ್ತದೆ. ಹಾಗಾಗಿ ಅರ್ಧ ಬೆಳ್ಳಿಯ ನಾಣ್ಯದ ಮೊದಲ ಗೆರೆ ಇಲ್ಲದ ಒಳ್ಳೆಯತನ ತೋರಿಸುತ್ತದೆ. ಅದೇ ಜಾಗದಲ್ಲಿ ಎರಡು ಮೂರು ಸಲ ಉಜ್ಜಿದ ಮೇಲಿನ ಗೆರೆಯನ್ನೇ ನಂಬಿ. ಅಂಗಡಿಗಳ ಎಕ್ಸ್‌ರೇ ಯಂತ್ರವೂ ಮೇಲ್ಪದರವನ್ನಷ್ಟೇ ಓದುವುದರಿಂದ ಇದೇ ತಪ್ಪು ಮಾಡಬಲ್ಲದು. ಡೈಕ್ರೋಮೇಟ್ ವಿಷ, ಕೈಗವಸು ಬೇಕೇ ಬೇಕು. ನಾಣ್ಯದ ಮೇಲಂತೂ ಗಾಯ ಉಳಿದೇ ಉಳಿಯುತ್ತದೆ.

ಅತಿ ಎಚ್ಚರ ಬೇಕಾದದ್ದು 1939ರ ರೂಪಾಯಿಗೆ. ಅಪರೂಪದ್ದು, ಬೆಲೆ ಹೆಚ್ಚು, ಆದ್ದರಿಂದ ಇಸವಿ ತಿದ್ದಿದ್ದೂ ಹೆಚ್ಚು. ಮೊದಲು ಅಂಚು ನೋಡಿ: ಅರ್ಧ ಬೆಳ್ಳಿಯ ನಾಣ್ಯದ ಅಂಚಿನಲ್ಲಿ ಗೀರುಗಳ ನಡುವೆ ಸುತ್ತಲೂ ಒಂದು ಕಾಲುವೆ ಹರಿದಿರುತ್ತದೆ, ಅಸಲಿ 1939ಕ್ಕೆ ಬರೀ ಗೀರು. ನೀರು 9.5 ಹೇಳಿದರೆ ಅದು 1940ರ ನಂತರದ್ದನ್ನು ತಿದ್ದಿದ್ದು. 10.3 ಹೇಳಿದರೂ ಮುಗಿಯಲಿಲ್ಲ. 1938ರ 8ನ್ನು 9 ಮಾಡಿದ್ದರೆ ಲೋಹವೂ ಅಂಚೂ ಸರಿಯಾಗಿಯೇ ಇರುತ್ತವೆ. ಅಲ್ಲಿ ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು ಕೊನೆಯ ಅಂಕಿಯ ಸುತ್ತಲಿನ ನೆಲವನ್ನು ನೋಡಬೇಕು. ಕೆರೆದ ಜಾಗದ ಹೊಳಪು ಉಳಿದ ನೆಲದ ಹೊಳಪಿಗೆ ಸೇರುವುದಿಲ್ಲ.