ಹಳೇ ಆಟೊಮ್ಯಾಟಿಕ್ ಕಾರಿನ ಗೇರ್ ಕಾಟ: ಯಾವ ಪರೀಕ್ಷೆಯನ್ನು ನಂಬಬಹುದು?

ಗೇರ್‌ಬಾಕ್ಸ್ ಪೂರ್ತಿ ಕೆಟ್ಟ ಕಾರಿನ ರೋಗ ಹೇಳುವುದು ಕಷ್ಟವಲ್ಲ. ಆಗೊಮ್ಮೆ ಈಗೊಮ್ಮೆ ಕೆಟ್ಟು, ಗ್ಯಾರೇಜಿನ ಗೇಟು ಕಂಡೊಡನೆ ಸಾಧುವಾಗಿಬಿಡುವ ಕಾರಿನದ್ದೇ ತಲೆನೋವು. ನಮ್ಮ ಮನೆಯ 2008ರ ಪೆಟ್ರೋಲ್ ಸೆಡಾನ್ ಅಂಥದ್ದು. ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ, ನಾಲ್ಕು ಗೇರಿನ ಹಳೇ ಕಾಲದ ಆಟೊಮ್ಯಾಟಿಕ್. ಬೆಳಿಗ್ಗೆ ಬೆಣ್ಣೆ. ಸಂಜೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ತೆವಳಿ ಬಿಸಿಯೇರಿದ ಮೇಲೆ ಒಂದು ಜರ್ಕ್, ಆಮೇಲೆ ಮೂರನೇ ಗೇರಿನಲ್ಲೇ ಕೂತುಬಿಡುತ್ತಿತ್ತು. ಸಿಗ್ನಲ್ ಬಿಟ್ಟರೆ ಗಾಡಿ ಏಳುವುದೇ ಇಲ್ಲ, ಹಿಂದಿನವರ ಹಾರ್ನ್ ಬೇರೆ. ಎಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗಿಯೇ ಇಲ್ಲವೆಂಬಂತೆ ಓಡುತ್ತಿತ್ತು.

ಮೂರನೇ ಗೇರಿನಲ್ಲಿ ಕೂರುವುದು ಕೆಡುಕಿಗಿಂತ ಹೆಚ್ಚಾಗಿ ಎಚ್ಚರಿಕೆ. ಗೇರ್‌ಬಾಕ್ಸಿನ ಕಂಪ್ಯೂಟರಿಗೆ ಯಾವುದೋ ಸೆನ್ಸರ್ ಅಥವಾ ಸೊಲೆನಾಯ್ಡ್ (ಆಯಿಲ್ ದಾರಿ ತೆರೆದು ಮುಚ್ಚುವ ವಿದ್ಯುತ್ ವಾಲ್ವ್) ಮೇಲೆ ಅನುಮಾನ ಬಂದರೆ, ಮನೆ ಸೇರುವಷ್ಟಕ್ಕೆ ಒಂದೇ ಗೇರ್ ಕೊಟ್ಟು ಕೈಬಿಡುತ್ತದೆ. ಇದಕ್ಕೆ ಲಿಂಪ್ ಮೋಡ್ ಅನ್ನುತ್ತಾರೆ. ಅನುಮಾನ ಯಾವುದರ ಮೇಲೆ ಎಂದು ಪತ್ತೆ ಮಾಡಲು ನಾನು ನಾಲ್ಕು ದಾರಿ ಹಿಡಿದೆ.

ಮೊದಲು ಹೋದದ್ದು ಅಧಿಕೃತ ಸರ್ವಿಸ್ ಸೆಂಟರಿಗೆ. ಅವರ ಬಳಿ ಕಂಪನಿಯದೇ ಸ್ಕ್ಯಾನರ್ ಇರುತ್ತದೆ. ಹೊರಗಿನ ಅನೇಕ ಉಪಕರಣಗಳಿಗೆ ಅರ್ಥವಾಗದ, ಪಿ1ರಿಂದ ಶುರುವಾಗುವ ದೋಷದ ಕೋಡುಗಳನ್ನೂ ಅದು ಓದುತ್ತದೆ. ಆದರೆ ಕಾರು ಅವರ ಕೈಗೆ ಸಿಗುವುದು ರಾತ್ರಿಯೆಲ್ಲ ತಣ್ಣಗೆ ನಿಂತ ಮೇಲೆ. ಟೆಸ್ಟ್ ಡ್ರೈವ್ ಅಂದರೆ ಬ್ಲಾಕ್ ಸುತ್ತ ಒಂದು ರೌಂಡು. ಸಿಕ್ಕಿದ್ದು ಪಿ0700. ಅದರ ಅರ್ಥ ಇಷ್ಟೇ: ಗೇರ್‌ಬಾಕ್ಸಿನ ಕಂಪ್ಯೂಟರ್ ಏನೋ ದೂರು ಕೊಟ್ಟಿದೆ, ವಿವರ ಬೇಕಾದರೆ ಅದನ್ನೇ ಕೇಳಿ. ಕೇಳುವ ಬದಲು ಅಡ್ವೈಸರ್ ಇಡೀ ಗೇರ್‌ಬಾಕ್ಸ್ ಅಸೆಂಬ್ಲಿಯನ್ನೇ ಬದಲಿಸಲು ಎಸ್ಟಿಮೇಟ್ ಬರೆದರು. ಆ ದುಡ್ಡಿಗೆ ಇಂಥದ್ದೇ ಇನ್ನೊಂದು ಹಳೇ ಕಾರು ಬರುತ್ತಿತ್ತು. ಹೋಗುವಾಗ ಕೋಡ್ ಅಳಿಸಿಯೂ ಕೊಟ್ಟರು. ಕೋಡಿನ ಜೊತೆಗೆ, ತೊಂದರೆ ಆದ ಗಳಿಗೆಯಲ್ಲಿ ವೇಗ, ಆರ್‌ಪಿಎಂ, ಎಂಜಿನ್ ಶಾಖ ಎಷ್ಟಿತ್ತೆಂಬ ದಾಖಲೆಯೂ ಉಳಿದಿರುತ್ತದೆ. ಅಳಿಸಿದರೆ ಅದೂ ಹೋಯಿತು. ಆದ್ದರಿಂದ ನೀವು ಹೋದರೆ ಮೊದಲು ಪ್ರಿಂಟ್ ಕೇಳಿ, ಆಮೇಲೆ ಅಳಿಸಲು ಬಿಡಿ.

ಎರಡನೆಯದು ಆನ್‌ಲೈನಿನಲ್ಲಿ ಸಾವಿರ ರೂಪಾಯಿ ಆಸುಪಾಸಿಗೆ ಸಿಗುವ ಬ್ಲೂಟೂತ್ ಡಾಂಗಲ್. ಸ್ಟಿಯರಿಂಗಿನ ಕೆಳಗಿರುವ 16 ಪಿನ್ನಿನ ಸಾಕೆಟ್ಟಿಗೆ ಚುಚ್ಚಿ ಫೋನಿನಲ್ಲಿ ನೋಡುವುದು. ಬಹುತೇಕ ಎಲ್ಲವೂ ಇಎಲ್‌ಎಂ327 ಚಿಪ್ಪಿನ ನಕಲುಗಳು. ಗೇರ್‌ಬಾಕ್ಸಿನ ಕಂಪ್ಯೂಟರ್ ಜೊತೆ ಮಾತಾಡುವ ಭರವಸೆಯಿಲ್ಲ. ನನ್ನದು ಎಂಜಿನ್ನಿನ ಮಾಹಿತಿ ಬಿಟ್ಟು ಬೇರೇನನ್ನೂ ಕೊಡಲಿಲ್ಲ. ಹಾಗೆಂದು ಬಿಸಾಡುವಂಥದ್ದಲ್ಲ. ಆರ್‌ಪಿಎಂ ಮತ್ತು ವೇಗ ಎರಡನ್ನೇ ರೆಕಾರ್ಡ್ ಮಾಡಿದರೂ ಗೇರ್ ಯಾವುದೆಂದು ಲೆಕ್ಕ ಹಾಕಬಹುದು. ನನ್ನ ಕಾರು ಸಮತಟ್ಟು ರಸ್ತೆಯಲ್ಲಿ 60 ಕಿ.ಮೀ. ವೇಗಕ್ಕೆ ನಾಲ್ಕನೇ ಗೇರಿನಲ್ಲಿ ಸುಮಾರು 1,700, ಮೂರನೆಯದರಲ್ಲಿ ಸುಮಾರು 2,400 ಆರ್‌ಪಿಎಂ ತೋರಿಸುತ್ತದೆ. ತೊಂದರೆ ಬಂದಾಗಲೆಲ್ಲ ಆರ್‌ಪಿಎಂ 2,400ಕ್ಕೆ ಹೋಗಿ ಅಲ್ಲೇ ಗಟ್ಟಿಯಾಗಿ ನಿಂತಿರುತ್ತಿತ್ತು. ಒಳಗಿನ ಕ್ಲಚ್ ಪ್ಲೇಟು ಜಾರುತ್ತಿದ್ದರೆ ಸಂಖ್ಯೆ ಹಾಗೆ ನಿಲ್ಲುವುದಿಲ್ಲ. ವೇಗ ಏರದೆ ಆರ್‌ಪಿಎಂ ಮಾತ್ರ ತೇಲುತ್ತಾ ಹೋಗುತ್ತದೆ. ಅಂದರೆ ಜಾರುವ ರೋಗವಲ್ಲ, ಲಿಂಪ್ ಮೋಡೇ ಎಂಬುದು ಸಾವಿರ ರೂಪಾಯಲ್ಲಿ ಖಾತ್ರಿಯಾಯಿತು. ಹತ್ತೆಂಟು ಅಂಕಿ ಒಟ್ಟಿಗೆ ಕೇಳಿದರೆ ಈ ಡಾಂಗಲ್ ಏದುಸಿರು ಬಿಡುತ್ತದೆ, ಎರಡನ್ನೇ ಕೇಳಿ. ರಾತ್ರಿ ಸಾಕೆಟ್ಟಿನಲ್ಲಿ ಬಿಡಬೇಡಿ, ಹಳೇ ಬ್ಯಾಟರಿ ಕುಡಿದುಬಿಡುತ್ತದೆ.

ಮೂರನೇ ದಾರಿ ಜೆ.ಸಿ. ರೋಡ್ ಹಿಂಬದಿಯ ಗಲ್ಲಿಯಲ್ಲಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿ ಕಟ್ಟುವುದರಲ್ಲೇ ತಲೆ ನರೆಸಿದ ಮೆಕ್ಯಾನಿಕ್ ಭಾಯ್. ಅವರು ಲ್ಯಾಪ್‌ಟಾಪ್ ಮುಟ್ಟಲಿಲ್ಲ. ಮೊದಲು ಬ್ಯಾಟರಿಗೆ ಮೀಟರ್ ಇಟ್ಟರು: ನಿಂತಾಗ 12.6 ವೋಲ್ಟ್, ಓಡುವಾಗ 14. ವೋಲ್ಟೇಜ್ ಇಳಿದರೆ ಸೊಲೆನಾಯ್ಡುಗಳು ಹುಚ್ಚಾಡುತ್ತವಂತೆ, ಅದಕ್ಕೇ ಅದು ಮೊದಲು. ಆಮೇಲೆ ಡಿಪ್‌ಸ್ಟಿಕ್ ಎಳೆದು ಬಿಳಿ ಟಿಶ್ಯೂ ಮೇಲೆ ಒಂದು ಹನಿ ಬಿಟ್ಟು, ಮೂಗಿನ ಹತ್ತಿರ ಹಿಡಿದರು. ಮಾಸಿದ ಕೆಂಪು, ಸುಟ್ಟ ವಾಸನೆಯಿಲ್ಲ, ಬೆರಳಿಗೆ ಮರಳಿನಂಥ ತರಿಯೂ ಇಲ್ಲ. ಆಯಿಲ್ ಗುಲಾಬಿ ಹಾಲಿನಂತಾಗಿದ್ದರೆ ರೇಡಿಯೇಟರಿನೊಳಗಿನ ಕೂಲರ್ ಒಡೆದು ನೀರು ಸೇರಿದೆ ಎಂದರ್ಥ, ಆಗ ಕಾರನ್ನು ಓಡಿಸಲೇಬಾರದು.

‘ಸಾರ್, ಆಯಿಲ್ ಸುಟ್ಟಿಲ್ಲ. ಯಾರು ಹೇಳಿದ್ರೂ ಈಗ್ಲೇ ಬಾಕ್ಸ್ ಬಿಚ್ಚಿಸ್ಬೇಡಿ’ ಅಂದರು.

ಆಯಿಲ್ ಮಟ್ಟ ನೋಡುವ ಪದ್ಧತಿ ಕಾರಿನಿಂದ ಕಾರಿಗೆ ಬೇರೆ ಎಂಬುದು ಇಲ್ಲಿ ನೆನಪಿರಲಿ. ಹಲವು ಕಾರುಗಳಲ್ಲಿ ಬಿಸಿಯಾದ ಎಂಜಿನ್ ಓಡುತ್ತಿರುವಾಗಲೇ ನೋಡಬೇಕು. ಕೆಲವಲ್ಲಿ ಆಫ್ ಮಾಡಿ ಒಂದೂವರೆ ನಿಮಿಷದೊಳಗೆ. ಡಿಪ್‌ಸ್ಟಿಕ್ಕೇ ಇಲ್ಲದ ಕಾರುಗಳೂ ಉಂಟು. ಕೈಪಿಡಿ ನೋಡಿಯೇ ಮಾಡಿ. ಭಾಯ್ ರೋಡಿನಲ್ಲಿ ಇನ್ನೊಂದು ಉಪಾಯ ತೋರಿಸಿದರು. 70ರ ವೇಗದಲ್ಲಿ ಆಕ್ಸಿಲರೇಟರ್ ಹಾಗೇ ಇಟ್ಟು ಎಡಗಾಲಿನಿಂದ ಬ್ರೇಕನ್ನು ಸುಮ್ಮನೆ ಸೋಕಿಸಿದರೆ ಟಾರ್ಕ್ ಕನ್ವರ್ಟರಿನ ಲಾಕಪ್, ಅಂದರೆ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರ ಬಿಗಿಯುವ ಕ್ಲಚ್, ಬಿಡುತ್ತದೆ. ಆ ವೇಗದಲ್ಲಿ ಕಾರು ನಡುಗುತ್ತಿದ್ದು ಅಷ್ಟಕ್ಕೇ ನಡುಕ ನಿಂತರೆ ತಪ್ಪು ಲಾಕಪ್ ಕ್ಲಚ್ಚಿನದು. ನಮ್ಮದರಲ್ಲಿ ನಡುಕವೇ ಇರಲಿಲ್ಲ. ಬ್ರೇಕ್ ತುಳಿದು ಪೂರ್ತಿ ಆಕ್ಸಿಲರೇಟರ್ ಒತ್ತುವ ಸ್ಟಾಲ್ ಟೆಸ್ಟಿಗೆ ಮಾತ್ರ ಅವರು ಒಪ್ಪಲಿಲ್ಲ. ಐದು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಆಯಿಲ್ ಕುದಿಯುತ್ತದೆ, ಹಳೇ ಬಾಕ್ಸಿಗೆ ಅದು ಪರೀಕ್ಷೆಯಲ್ಲ, ಶಿಕ್ಷೆ ಎಂದು ಅವರ ಅಂಬೋಣ. ಏನು ಕೆಟ್ಟಿಲ್ಲ ಎಂಬುದನ್ನು ಇವರಷ್ಟು ಚೆನ್ನಾಗಿ ಯಾರೂ ಹೇಳಲಿಲ್ಲ. ಕೆಟ್ಟಿದ್ದೇನು ಎಂಬುದು ಮಾತ್ರ ಅವರ ಅಂಗಳದಲ್ಲೂ ತೋರಲಿಲ್ಲ.

ತೋರಿಸಿದ್ದು ನಾಲ್ಕನೆಯದು: ಟ್ಯಾಕ್ಸಿ ಇಟ್ಟುಕೊಂಡಿರುವ ಸ್ನೇಹಿತರಿಂದ ಕಡ ತಂದ, ಗೇರ್‌ಬಾಕ್ಸನ್ನೂ ಓದುವ ಕೈಸ್ಕ್ಯಾನರ್. ಡಾಂಗಲ್‌ಗಿಂತ ಹತ್ತಾರು ಪಟ್ಟು ದುಬಾರಿ. ಮಂಗಳೂರಿನಿಂದ ವಾಪಸು ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದೆವು, ಸ್ಕ್ಯಾನರ್ ಪಕ್ಕದ ಸೀಟಿನಲ್ಲಿ ಹೆಂಡತಿಯ ಕೈಯಲ್ಲಿತ್ತು. ತೆರೆಯ ಮೇಲೆ ತಿರುಗುವ ವೇಗದ ಮೂರು ಅಂಕಿ: ಎಂಜಿನ್, ಟರ್ಬೈನ್ (ಗೇರ್‌ಬಾಕ್ಸಿಗೆ ತಿರುಗು ಒಳತರುವ ಭಾಗ), ಔಟ್‌ಪುಟ್. ಲಾರಿಯ ಹಿಂದೆ ತೆವಳುತ್ತಾ ಬಿಸಿ ಏರಿತು. ಮಾರನಹಳ್ಳಿಗೆ ಮೊದಲಿನ ತಿರುವಿನಲ್ಲಿ ‘ರೀ, ನಡುವಿನದು ಸೊನ್ನೆ ಬಂತು’ ಅಂದಳು. ಅದರ ಬೆನ್ನಿಗೇ ಜರ್ಕ್. ಗಾಡಿ ಗೇರಿನಲ್ಲಿ ಓಡುತ್ತಿರುವಾಗ ಟರ್ಬೈನ್ ನಿಲ್ಲಲು ಸಾಧ್ಯವೇ ಇಲ್ಲ. ಸೊನ್ನೆ ಎಂದರೆ ತಪ್ಪು ಹೇಳುತ್ತಿರುವುದು ಸೆನ್ಸರ್ ಅಥವಾ ಅದರ ವೈರು. ಕೋಡ್ ಕೂಡ ಪಿ0715 ಎಂದೇ ಬಂತು, ಟರ್ಬೈನ್ ವೇಗ ಅಳೆಯುವ ಇನ್‌ಪುಟ್ ಸ್ಪೀಡ್ ಸೆನ್ಸರಿನದು. ಪ್ಲೇಟುಗಳೇ ಜಾರುತ್ತಿದ್ದರೆ ಟರ್ಬೈನ್ ಮತ್ತು ಔಟ್‌ಪುಟ್ ಎರಡೂ ಜೀವಂತವಿದ್ದು ಅವುಗಳ ಅನುಪಾತ ಮಾತ್ರ ಕೆಡುತ್ತಿತ್ತು, ಪಿ0730ರ ಸಾಲಿನ ಕೋಡುಗಳು ಬರುತ್ತಿದ್ದವು.

ಬೆಂಗಳೂರಿಗೆ ಬಂದು ಭಾಯ್‌ಗೆ ಹೇಳಿದ್ದೇ ತಡ, ಮಲ್ಟಿಮೀಟರ್ ತಂದರು. ತಣ್ಣಗಿದ್ದಾಗ ಸೆನ್ಸರ್ 600 ಓಮ್ ಆಸುಪಾಸು. ಹೇರ್ ಡ್ರೈಯರ್ ಹಿಡಿದು ಕಾಯಿಸಿದರೆ ಓಪನ್, ಅಂದರೆ ಸಂಪರ್ಕವೇ ಕಡಿದಂತೆ. ಒಳಗಿನ ಸುರುಳಿ ಬಿಸಿಗೆ ಬಿಟ್ಟುಕೊಳ್ಳುತ್ತಿತ್ತು, ತಣಿದರೆ ಕೂಡಿಕೊಳ್ಳುತ್ತಿತ್ತು. ಹೊಸ ಸೆನ್ಸರಿಗೂ ಕೂಲಿಗೂ ಸೇರಿ ಆದ ಖರ್ಚು ಎಸ್ಟಿಮೇಟಿನ ಪಕ್ಕದಲ್ಲಿ ಚಿಲ್ಲರೆ.

ನನ್ನ ಮಟ್ಟಿಗೆ ಕೈಸ್ಕ್ಯಾನರೇ ಗೆದ್ದದ್ದು, ಅದೂ ಕೆಡುವ ಗಳಿಗೆಯಲ್ಲಿ ಕಾರಿನೊಳಗೇ ಇತ್ತೆಂಬ ಕಾರಣಕ್ಕೆ. ಅದಕ್ಕಿಂತ ದೊಡ್ಡ ಯಂತ್ರ ಸರ್ವಿಸ್ ಸೆಂಟರಿನಲ್ಲಿತ್ತು, ತಣ್ಣಗಿನ ಕಾರಿಗೆ ಚುಚ್ಚಿ ಪ್ರಯೋಜನವಾಗಲಿಲ್ಲ. ಕೊಳ್ಳುವುದಾದರೆ ಡಾಂಗಲ್ ಕೊಳ್ಳಿ, ಸ್ಕ್ಯಾನರ್ ಕಡ ತನ್ನಿ. ವರ್ಷಕ್ಕೊಮ್ಮೆ ಬೇಕಾಗುವುದಕ್ಕೆ ಅಷ್ಟು ದುಡ್ಡು ಸುರಿಯಬೇಕಿಲ್ಲ. ‘ಒಂದ್ಸಲ ಆಯಿಲ್ ಬದಲಿಸಿ ನೋಡೋಣ’ ಅನ್ನುವವರು ಎಲ್ಲೆಡೆ ಸಿಗುತ್ತಾರೆ. ಆಯಿಲ್ ಬದಲಿಸುವುದು ಒಳ್ಳೆಯದೇ, ಆದರೆ ಅದು ರೋಗಪತ್ತೆ ಅಲ್ಲ. ಬೋಲ್ಟ್ ಬಿಚ್ಚಿ ಇಳಿಸಿದರೆ ಹೊರಬರುವುದು ಮೂರನೇ ಒಂದರಿಂದ ಅರ್ಧದಷ್ಟು, ಉಳಿದದ್ದು ಹೆಚ್ಚಾಗಿ ಟಾರ್ಕ್ ಕನ್ವರ್ಟರಿನಲ್ಲೇ ಇರುತ್ತದೆ.

ಇದೆಲ್ಲ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸಿನ ಮಾತು. 2014ರಲ್ಲಿ ಸೆಲೆರಿಯೊ ಜೊತೆ ನಮ್ಮ ದೇಶದಲ್ಲಿ ಶುರುವಾದ ಎಎಂಟಿ (ಆಟೊಮೇಟೆಡ್ ಮ್ಯಾನುವಲ್) ಕಾರು ನಿಮ್ಮದಾದರೆ ಟಿಶ್ಯೂ, ಟರ್ಬೈನ್ ಯಾವುದೂ ಲೆಕ್ಕಕ್ಕಿಲ್ಲ. ಒಳಗಿರುವುದು ಮಾಮೂಲಿ ಮ್ಯಾನುವಲ್ ಬಾಕ್ಸು, ಕ್ಲಚ್ ತುಳಿಯುವ, ಗೇರ್ ಬದಲಿಸುವ ಕೆಲಸ ಮಾತ್ರ ಆಕ್ಚುಯೇಟರ್ ಎಂಬ ಯಂತ್ರದ್ದು. ಅಲ್ಲಿ ಮೊದಲು ನೋಡಬೇಕಾದದ್ದು ಬ್ಯಾಟರಿ, ಆಮೇಲೆ ಕ್ಲಚ್ ಸವೆತ ಮತ್ತು ಆಕ್ಚುಯೇಟರ್.